ಸನ್‌ಡ್ಯೂ ಸಾಕುವುದಾದರೆ ಯಾವುದು? ನಿಮ್ಮ ನೀರು, ನಿಮ್ಮ ಬೇಸಿಗೆ ನೋಡಿ ಆರಿಸಿ

ಹುಳ ತಿನ್ನುವ ಗಿಡ ಸಾಕಬೇಕು ಅಂತ ಆಸೆಯಾದವರು ಹೆಚ್ಚಾಗಿ ಮೊದಲು ತರುವುದು ವೀನಸ್ ಫ್ಲೈಟ್ರ್ಯಾಪ್. ಬಾಯಿ ತೆರೆದು ಕೂತ ಆ ಫೋಟೋ ನೋಡಿದರೆ ಯಾರಿಗೆ ಬೇಡ ಅನ್ನಿಸುತ್ತದೆ ಹೇಳಿ. ಆದರೆ ಅದು ಅಮೆರಿಕದ ಕೆರೊಲಿನಾ ಸೀಮೆಯ ಗಿಡ. ಚಳಿಗಾಲದಲ್ಲಿ ಮೂರು–ನಾಲ್ಕು ತಿಂಗಳು ತಣ್ಣಗೆ ಮಲಗಿ ಏಳಬೇಕು. ನಮ್ಮಲ್ಲಿ ಆ ಚಳಿ ಸಿಗುವುದು ಕಷ್ಟ, ಹಾಗಾಗಿ ಗಿಡ ವರ್ಷದಿಂದ ವರ್ಷಕ್ಕೆ ಸೊರಗುತ್ತದೆ. ಹೂಜಿಗಿಡ ಚೆನ್ನಾಗಿ ಬರುತ್ತದೆ, ಆದರೆ ಅದಕ್ಕೆ ಜಾಗ ಜಾಸ್ತಿ ಬೇಕು. ಗಾಳಿ ಒಣಗಿದ್ದರೆ ಎಲೆ ಬಿಡುತ್ತದೆಯೇ ಹೊರತು ಹೂಜಿ ಬಿಡುವುದಿಲ್ಲ. ಎಲೆಯ ಮೇಲಿನ ಅಂಟಿನ ಹನಿಯಿಂದ ಹುಳ ಹಿಡಿಯುವ ಸನ್‌ಡ್ಯೂಗೆ ಅಂಗೈಯಗಲದ ಕುಂಡ, ಒಳ್ಳೆ ಬಿಸಿಲು ಬೀಳುವ ಕಿಟಕಿ, ಸರಿಯಾದ ನೀರು ಇದ್ದರೆ ಆಯಿತು.

ಯಾವ ಸನ್‌ಡ್ಯೂ ಅನ್ನುವುದೇ ಪ್ರಶ್ನೆ. ಶಾಲೆಯ ಪಾಠದಲ್ಲಿ ಡ್ರೋಸೆರಾ ಅಂತ ಓದಿದ ಹೆಸರು ಒಂದು ಗಿಡದ್ದಲ್ಲ, ಇಡೀ ಕುಲದ್ದು. ಅದರಲ್ಲಿ 200ಕ್ಕೂ ಹೆಚ್ಚು ಜಾತಿಗಳಿವೆ. ಹಿಮ ಬೀಳುವ ಕಡೆಯವು ಇವೆ, ಆಸ್ಟ್ರೇಲಿಯಾದ ಸುಡುಬಿಸಿಲಿನವು ಇವೆ, ಮಳೆಕಾಡಿನ ನೆರಳಿನವು ಇವೆ. ನಮ್ಮದೇ ಕರಾವಳಿಯ ಪಾದೆಗಳ ಮೇಲೆ ಬೆಳೆಯುವವೂ ಇವೆ. ಫೋಟೋ ನೋಡಿ ಆರಿಸಿದರೆ ಕೈ ಸುಟ್ಟುಕೊಳ್ಳುವ ಸಂಭವವೇ ಹೆಚ್ಚು. ಗಿಡ ಬದುಕುತ್ತದೋ ಇಲ್ಲವೋ ಅನ್ನುವುದು ನೀರಿನ ಮೇಲೆ ನಿಂತಿದೆ. ಯಾವ ಜಾತಿ ಅನ್ನುವುದು ನಿಮ್ಮೂರಿನ ಬೇಸಿಗೆಯ ಮೇಲೆ. ಹಾಗಾಗಿ ಮೊದಲು ನೀರಿನ ವಿಷಯ.

ಯಾವ ನೀರು?

ಸನ್‌ಡ್ಯೂ ಹುಟ್ಟಿದ್ದು ಸಾರವೇ ಇಲ್ಲದ ಜೌಗು ನೆಲದಲ್ಲಿ. ಮಣ್ಣಿನಲ್ಲಿ ಸಾರಜನಕ ಸಿಗದ ಕಾರಣ ಎಲೆಯ ಮೇಲೆ ಅಂಟಿನ ಹನಿ ಹೊತ್ತ ಕೂದಲುಗಳನ್ನು ಬೆಳೆಸಿಕೊಂಡು ಹುಳದಿಂದ ಅದನ್ನು ತೆಗೆದುಕೊಳ್ಳುತ್ತದೆ. ಬೇರು ಅಷ್ಟಕ್ಕಷ್ಟೇ. ಅದರ ಕೆಲಸ ಮುಖ್ಯವಾಗಿ ನೀರು ಹೀರುವುದು, ಗಿಡವನ್ನು ಹಿಡಿದು ನಿಲ್ಲಿಸುವುದು. ಅಂಥ ಬೇರಿಗೆ ಬೋರ್‌ವೆಲ್ ನೀರು ಹಾಕಿದರೆ ಉಪ್ಪು, ಸುಣ್ಣದ ಅಂಶವೆಲ್ಲ ಕುಂಡದಲ್ಲೇ ಉಳಿಯುತ್ತದೆ. ನೀರು ಆವಿಯಾಗುತ್ತದೆ, ಉಪ್ಪು ಆಗುವುದಿಲ್ಲ. ಒಂದೆರಡು ತಿಂಗಳು ಏನೂ ಗೊತ್ತಾಗುವುದಿಲ್ಲ. ಆಮೇಲೆ ಹನಿ ಕಮ್ಮಿಯಾಗುತ್ತದೆ, ಹೊಸ ಎಲೆ ಚಿಕ್ಕದಾಗುತ್ತದೆ, ನಡುವಿನ ಸುಳಿ ಕಪ್ಪಾಗುತ್ತದೆ. ನೀರು ಕಮ್ಮಿಯಾಯಿತೇನೋ ಅಂದುಕೊಂಡು ಅದೇ ನೀರನ್ನು ಇನ್ನಷ್ಟು ಹಾಕುತ್ತಾರೆ!

ಅದಕ್ಕೇ ಗಿಡಕ್ಕಿಂತ ಮುಂಚೆ, ನೀರಿನಲ್ಲಿ ಕರಗಿದ ಉಪ್ಪು ಎಷ್ಟಿದೆ ಅಂತ ಅಳೆಯುವ ಒಂದು ಟಿಡಿಎಸ್ ಮೀಟರ್ ಕೊಳ್ಳಿ. ಕೆಲವು ನೂರು ರೂಪಾಯಿಗೆ ಪೆನ್ನಿನಷ್ಟು ದೊಡ್ಡದು ಸಿಗುತ್ತದೆ. ನೀರಿನಲ್ಲಿ ಅದ್ದಿದಾಗ 50 ಪಿಪಿಎಂ ಒಳಗೆ ತೋರಿಸಿದರೆ ಕಣ್ಣುಮುಚ್ಚಿ ಹಾಕಬಹುದು. 100ರ ತನಕ ಗಟ್ಟಿ ಜಾತಿಗಳು ತಡೆದುಕೊಳ್ಳುತ್ತವೆ, ಆದರೆ ಆಗಾಗ ಶುದ್ಧ ನೀರನ್ನು ಮೇಲಿನಿಂದ ಧಾರಾಳವಾಗಿ ಹರಿಸಿ ಕುಂಡ ತೊಳೆಯಬೇಕಾಗುತ್ತದೆ. ಅದಕ್ಕಿಂತ ಮೇಲೆ ಹೋದರೆ ಬೇರೆ ನೀರು ಹುಡುಕಿ.

ಮಳೆನೀರಿಗೆ ಸಾಟಿ ಇಲ್ಲ. ಮೊದಲ ಒಂದೆರಡು ಮಳೆ ಬಿಟ್ಟುಬಿಡಿ. ಸೂರಿನ ಧೂಳೆಲ್ಲ ಹೋದ ಮೇಲೆ ಹಿಡಿದು, ಮುಚ್ಚಳ ಇರುವ ಕ್ಯಾನ್‌ಗಳಲ್ಲಿ ತುಂಬಿ ಕತ್ತಲಲ್ಲಿಡಿ. ನಾಲ್ಕೈದು ಸಣ್ಣ ಕುಂಡಕ್ಕೆ ಬೇಕಾಗುವ ನೀರು ತುಂಬ ಕಮ್ಮಿ. ಹಾಗಾಗಿ ಮಳೆಗಾಲದಲ್ಲಿ ತುಂಬಿಟ್ಟದ್ದು ಬೇಸಿಗೆಯ ತನಕ ಬರಬಹುದು.

ಆರ್‌ಒ ನೀರಿನ ವಿಷಯದಲ್ಲಿ ಹುಷಾರು. ಮನೆಯ ಎಷ್ಟೋ ಫಿಲ್ಟರ್‌ಗಳು ಕುಡಿಯಲು ರುಚಿ ಇರಲಿ ಅಂತ ಖನಿಜ ಮತ್ತೆ ಸೇರಿಸುತ್ತವೆ, ಅಥವಾ ಸ್ವಲ್ಪ ಮೂಲ ನೀರನ್ನೇ ಬೆರೆಸುತ್ತವೆ. ಆರ್‌ಒ ಅಂದ ಮಾತ್ರಕ್ಕೆ ನಂಬಬೇಡಿ, ಮೀಟರ್ ಅದ್ದಿ ನೋಡಿ. ಎಸಿಯಿಂದ ತೊಟ್ಟಿಕ್ಕುವ ನೀರು ಸಾಮಾನ್ಯವಾಗಿ ಮೀಟರ್‌ನಲ್ಲಿ ತುಂಬ ಕಮ್ಮಿ ತೋರಿಸುತ್ತದೆ. ಕಾಯಿಲ್ ಸ್ವಚ್ಛವಾಗಿದ್ದರೆ ಬಳಸಬಹುದು. ಆದರೆ ಈಗಷ್ಟೇ ಸರ್ವಿಸ್ ಮಾಡಿಸಿ ಕೆಮಿಕಲ್ ಹೊಡೆಸಿದ್ದರೆ ಕೆಲವು ದಿನ ಬೇಡ. ಮಳೆಯೂ ಇಲ್ಲ, ಎಸಿಯೂ ಇಲ್ಲ ಅನ್ನುವವರಿಗೆ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಇದೆ. ನೀರೇ ಹೌದಾ, ಆಸಿಡ್ ಅಲ್ಲ ತಾನೇ ಅಂತ ಲೇಬಲ್ ನೋಡಿ ತನ್ನಿ. ಕಾಯಿಸಿ ಆರಿಸಿದ ನೀರಿನಿಂದ ಉಪಯೋಗವಿಲ್ಲ. ಕುದಿಸಿದರೆ ಕ್ರಿಮಿ ಸಾಯುತ್ತವೆ, ಕರಗಿದ ಉಪ್ಪು ಹೋಗುವುದಿಲ್ಲ. ಬಾಟಲಿಯ ಮಿನರಲ್ ವಾಟರ್ ಯಾಕೆ ಬೇಡ ಅಂತ ಅದರ ಹೆಸರೇ ಹೇಳುತ್ತದೆ.

ಯಾವ ಊರಿಗೆ ಯಾವ ಗಿಡ?

ಬೆಂಗಳೂರು, ಮೈಸೂರು, ಹಾಸನದಂಥ ಕಡೆ ಇರುವವರು ಜಾಸ್ತಿ ಯೋಚಿಸಬೇಡಿ. ಡ್ರೋಸೆರಾ ಕೆಪೆನ್ಸಿಸ್ ತನ್ನಿ. ದಕ್ಷಿಣ ಆಫ್ರಿಕಾದ ಕೇಪ್ ಪ್ರದೇಶದ್ದು. ಉದ್ದನೆಯ ಪಟ್ಟಿಯಂಥ ಎಲೆ, ಅಂಚಿನಲ್ಲಿ ಕೆಂಪು ಕೂದಲು, ಪ್ರತಿ ಕೂದಲ ತುದಿಗೆ ಒಂದು ಹನಿ. ಮಲಗುವ ಕಾಲ ಅಂತ ಇಲ್ಲ, ವರ್ಷವಿಡೀ ಬೆಳೆಯುತ್ತದೆ. ನಮ್ಮ ಡಿಸೆಂಬರ್ ಚಳಿ ಅದಕ್ಕೆ ಲೆಕ್ಕಕ್ಕಿಲ್ಲ. 33–34 ಡಿಗ್ರಿ ಬಿಸಿಲನ್ನೂ ಕಾಲಡಿ ನೀರಿದ್ದರೆ ತಡೆದುಕೊಳ್ಳುತ್ತದೆ.

ಇದನ್ನು ಮೊದಲ ಗಿಡ ಅಂತ ಹೇಳಲು ಇನ್ನೊಂದು ಕಾರಣ, ನೋಡಲು ಸಿಗುವ ಆಟ. ಹಣ್ಣಿನ ನೊಣ ಎಲೆಯ ಮೇಲೆ ಕೂತಿತು ಅನ್ನಿ. ಮೊದಲು ಒಂದು ಕಾಲು ಅಂಟುತ್ತದೆ. ಅದನ್ನು ಬಿಡಿಸಿಕೊಳ್ಳಲು ಹೋಗಿ ಇನ್ನೊಂದು, ಆಮೇಲೆ ರೆಕ್ಕೆ. ಒದ್ದಾಡಿದಷ್ಟೂ ಹೊಸ ಹನಿಗಳು ಮೈಗೆ ತಾಕುತ್ತವೆ, ಅಂಟು ಎಳೆ ಎಳೆಯಾಗಿ ಹಿಗ್ಗುತ್ತದೆ. ಕೆಲವು ನಿಮಿಷದಲ್ಲಿ ಪಕ್ಕದ ಕೂದಲುಗಳು ನೊಣದ ಕಡೆ ಬಾಗಲು ಶುರುವಾಗುತ್ತವೆ. ಇಷ್ಟು ಮಾಡಿ ಬಿಡುವುದಿಲ್ಲ. ಕೆಲವು ಗಂಟೆಗಳಲ್ಲಿ ಇಡೀ ಎಲೆಯೇ ಪಲ್ಯ ಇಟ್ಟ ದೋಸೆಯಂತೆ ನೊಣದ ಮೇಲೆ ಮಡಚಿಕೊಂಡಿರುತ್ತದೆ. ಮತ್ತೆ ಬಿಚ್ಚುವುದು ಕೆಲವು ದಿನಗಳ ಮೇಲೆ. ಆಗ ಉಳಿದಿರುವುದು ನೊಣದ ಸಿಪ್ಪೆ ಮಾತ್ರ. ಇಷ್ಟು ಪೂರ್ತಿಯಾಗಿ ಎಲೆ ಮಡಚುವ ಗುಣ ಎಲ್ಲ ಸನ್‌ಡ್ಯೂಗಳಿಗೂ ಇಲ್ಲ.

ಕೆಪೆನ್ಸಿಸ್‌ನ ದೋಷ ಅಂದರೆ ಅದರ ಸಂತಾನ. ಹೂವು ತನ್ನಷ್ಟಕ್ಕೆ ಪರಾಗಸ್ಪರ್ಶ ಮಾಡಿಕೊಂಡು ಧೂಳಿನಂಥ ಬೀಜ ಉದುರಿಸುತ್ತದೆ. ಪಕ್ಕದ ಕುಂಡಗಳಲ್ಲೆಲ್ಲ ಮರಿ. ಬೇಡ ಅನ್ನುವವರು ಹೂದಂಡನ್ನು ಎಳೆಯದಾಗಿದ್ದಾಗಲೇ ಕತ್ತರಿಸಿಬಿಡಿ. ಗಿಡಕ್ಕೇನೂ ಆಗುವುದಿಲ್ಲ.

ಇದೇ ಹವೆಯಲ್ಲಿ ಎರಡನೇ ಗಿಡ ಬೇಕಾದರೆ ಅಲಿಸಿಯೇ ಮತ್ತು ಬೈನಾಟಾ ಇವೆ. ಅಲಿಸಿಯೇ ಕೂಡ ದಕ್ಷಿಣ ಆಫ್ರಿಕಾದ್ದೇ. ನೆಲಕ್ಕೆ ಒತ್ತಿಕೊಂಡ ಚಕ್ರದಂಥ ಗಿಡ, ಒಳ್ಳೆ ಬಿಸಿಲಿಗೆ ಕೆಂಪಾಗುತ್ತದೆ. ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಕಡೆಯ ಬೈನಾಟಾದ ಎಲೆ ಕವಲೊಡೆದು ವೈ ಆಕಾರದಲ್ಲಿರುತ್ತದೆ. ಬೇರು ದಪ್ಪ, ಕುಂಡ ಸ್ವಲ್ಪ ಆಳ ಇರಬೇಕು. ಹುಳ ಹಿಡಿಯುವುದರಲ್ಲಿ ಎತ್ತಿದ ಕೈ.

ಮಂಗಳೂರು, ಉಡುಪಿ, ಕಾರವಾರದಲ್ಲಿ ಲೆಕ್ಕ ಬೇರೆ. ಅಲ್ಲಿ ರಾತ್ರಿಯೂ ಸೆಖೆ. ಕೆಪೆನ್ಸಿಸ್ ಬದುಕುತ್ತದೆ, ಆದರೆ ಏಪ್ರಿಲ್–ಮೇನಲ್ಲಿ ಸಪ್ಪಗಾಗುತ್ತದೆ. ಅಲ್ಲಿಗೆ ಸ್ಪಾಟುಲಾಟಾ ಒಳ್ಳೆಯದು. ಏಷ್ಯಾದಿಂದ ನ್ಯೂಜಿಲೆಂಡ್ ತನಕ ಹರಡಿರುವ ಜಾತಿ. ಎಲೆ ಚಮಚದ ಆಕಾರ, ಇಡೀ ಗಿಡ ಐದು ರೂಪಾಯಿ ನಾಣ್ಯಕ್ಕಿಂತ ಸ್ವಲ್ಪ ದೊಡ್ಡದು. ಸೆಖೆ, ತೇವ ಎರಡಕ್ಕೂ ಒಗ್ಗಿಕೊಳ್ಳುತ್ತದೆ. ಇದೂ ತಾನಾಗಿಯೇ ಬೀಜ ಚೆಲ್ಲಿಕೊಂಡು ಕುಂಡ ತುಂಬುತ್ತದೆ.

ಆದರೆ ಕರಾವಳಿಯವರಿಗೆ ನನ್ನ ಮೊದಲ ಆಯ್ಕೆ ನಮ್ಮವೇ ಆದ ಎರಡು ಗಿಡಗಳು, ಬರ್ಮನೈ ಮತ್ತು ಇಂಡಿಕಾ. ಮಳೆಗಾಲ ಮುಗಿಯುವ ಹೊತ್ತಿಗೆ ಮುರಕಲ್ಲಿನ ಪಾದೆಗಳಲ್ಲಿ, ನೀರು ಜಿನುಗುವ ತೆಳು ಮಣ್ಣಿನಲ್ಲಿ ಕೆಂಪು ಚುಕ್ಕೆಗಳು ಕಂಡರೆ ಬಗ್ಗಿ ನೋಡಿ, ಅಲ್ಲೇ ಇರಬಹುದು. ಬರ್ಮನೈ ನಾಣ್ಯದಷ್ಟು ಅಗಲದ ಚಕ್ರ, ಹೂವು ಬಿಳಿ. ನೋಡಲು ಪುಟ್ಟದು, ವೇಗದಲ್ಲಿ ಮಾತ್ರ ಕೆಪೆನ್ಸಿಸ್ ಇದರ ಹತ್ತಿರವೂ ಸುಳಿಯುವುದಿಲ್ಲ. ಎಲೆಯ ಹೊರ ಅಂಚಿನ ಉದ್ದ ಕೂದಲುಗಳಿಗೆ ಇರುವೆ ತಾಕಿದರೆ ಕೆಲವೇ ಸೆಕೆಂಡಿನಲ್ಲಿ ಒಳಗೆ ಮಡಚಿ ನಡುವಿಗೆ ತಳ್ಳುತ್ತವೆ. ಕಣ್ಣೆದುರೇ ನಡೆಯುವುದನ್ನು ನೋಡಬಹುದು. ಇಂಡಿಕಾ ನೆಟ್ಟಗೆ ಬೆಳೆದು ಆಮೇಲೆ ಬಾಗುವ ದಾರದಂಥ ಎಲೆಗಳ ಗಿಡ. ಅದಕ್ಕೆ ಇಡೀ ದಿನದ ಬಿಸಿಲು, ಸೆಖೆ ಎರಡೂ ಬೇಕು.

ಎರಡೂ ಒಂದೇ ವರ್ಷದ ಗಿಡಗಳು ಅನ್ನುವುದನ್ನು ಕೊಳ್ಳುವ ಮುಂಚೆ ತಿಳಿದಿರಿ. ಹೂಬಿಟ್ಟು ಬೀಜ ಕೊಟ್ಟು ಸಾಯುತ್ತವೆ. ಅದು ನಿಮ್ಮ ತಪ್ಪಲ್ಲ. ಬೀಜ ಹಿಡಿದಿಟ್ಟುಕೊಂಡು ಮತ್ತೆ ಚೆಲ್ಲಿದರೆ ಮುಂದಿನ ಬೆಳೆ. ಹಾಗಾಗಿ ಇವುಗಳ ಹೂದಂಡು ಕತ್ತರಿಸಲೇಬೇಡಿ. ಇಂಡಿಕಾಕ್ಕೆ ಕುಂಡ ಬದಲಿಸುವುದೂ ಆಗಿಬರುವುದಿಲ್ಲ. ಎಲ್ಲಿ ಬೆಳೆಯಬೇಕೋ ಅಲ್ಲೇ ಬೀಜ ಹಾಕಿ.

ಭಾರತದ ಮೂರನೇ ಜಾತಿ ಪೆಲ್ಟಾಟಾ. ಎತ್ತರದ ಹುಲ್ಲುಗಾವಲುಗಳಲ್ಲಿ, ಪಶ್ಚಿಮ ಘಟ್ಟದ ಗುಡ್ಡಗಳಲ್ಲಿ ಕಾಣುತ್ತದೆ. ನೆಲದಡಿ ಪುಟ್ಟ ಗೆಡ್ಡೆ ಇಟ್ಟುಕೊಂಡು ಒಣಗಾಲ ಕಳೆಯುತ್ತದೆ. ಟ್ರೆಕ್ಕಿಂಗ್‌ಗೆ ಹೋದವರು ಇದನ್ನು ಕಿತ್ತು ತರುವುದು ಕಂಡರೆ ಸಿಟ್ಟು ಬರುತ್ತದೆ. ಕೀಳುವಾಗ ಗೆಡ್ಡೆ ನೆಲದಲ್ಲೇ ಉಳಿಯುತ್ತದೆ, ಕೈಗೆ ಬಂದ ಗಿಡ ವಾರದಲ್ಲಿ ಸಾಯುತ್ತದೆ. ರಕ್ಷಿತ ಅರಣ್ಯದಿಂದ ಏನೇ ಕಿತ್ತರೂ ಅಪರಾಧ ಕೂಡ. ಇದನ್ನು ಕಾಡಲ್ಲೇ ನೋಡಿ. ಬರ್ಮನೈ, ಇಂಡಿಕಾ ಬೇಕಾದರೂ ಸಾಕಿದವರ ಹತ್ತಿರ ಬೀಜ ಕೇಳಿ. ಕಾಳುಮೆಣಸಿನಷ್ಟೂ ಇಲ್ಲದ ಒಂದು ಬೀಜಕೋಶದಲ್ಲಿ ಕುಂಡಕ್ಕೆ ಬೇಕಾದಷ್ಟು ಬೀಜ ಇರುತ್ತದೆ.

ಮಡಿಕೇರಿ, ಸಕಲೇಶಪುರ, ಆಗುಂಬೆ ಕಡೆ ಹವೆ ಕೆಪೆನ್ಸಿಸ್‌ಗೂ ಬೈನಾಟಾಕ್ಕೂ ಹೇಳಿ ಮಾಡಿಸಿದ್ದು. ತೊಂದರೆ ಬರುವುದು ಜೂನ್‌ನಿಂದ ಆಗಸ್ಟ್. ವಾರಗಟ್ಟಲೆ ಬಿಸಿಲಿಲ್ಲದೆ ಮಳೆ ಹಿಡಿದರೆ ಎಲೆಗೆ ಬೂದು ಬೂಷ್ಟು ಬರುತ್ತದೆ. ಹನಿ ತೊಳೆದುಹೋಗುವುದಕ್ಕೆ ಹೆದರಬೇಡಿ, ಒಂದೆರಡು ದಿನ ಮಳೆ ಬಿಟ್ಟರೆ ಮತ್ತೆ ಬರುತ್ತದೆ. ಡಾರ್ವಿನ್ 1860ರಿಂದ ವರ್ಷಗಟ್ಟಲೆ ಈ ಗಿಡಗಳ ಮೇಲೆ ಪ್ರಯೋಗ ಮಾಡಿ ಕಂಡುಕೊಂಡದ್ದರಲ್ಲಿ ಇದೂ ಒಂದು: ತಲೆಗೂದಲಿನ ಸಣ್ಣ ಚೂರು ಇಟ್ಟರೂ ಬಾಗುವ ಆ ಕೂದಲುಗಳು ಮಳೆಹನಿ ಬಿದ್ದರೆ ಬಾಗುವುದಿಲ್ಲ. ಸುಮ್ನೆ ಶಕ್ತಿ ಹಾಳುಮಾಡಿಕೊಳ್ಳುವುದಿಲ್ಲ. ಪಾರದರ್ಶಕ ಶೀಟಿನ ಕೆಳಗೆ, ಗಾಳಿ ಆಡುವ ಕಡೆ ಇಟ್ಟರೆ ಮಳೆಗಾಲ ದಾಟುತ್ತದೆ.

ಬಳ್ಳಾರಿ, ರಾಯಚೂರು, ಕಲಬುರಗಿಯವರಿಗೆ ನೇರವಾಗಿ ಹೇಳುತ್ತೇನೆ: 42 ಡಿಗ್ರಿ ಒಣ ಬೇಸಿಗೆಯಲ್ಲಿ ಬಾಲ್ಕನಿಯ ಸನ್‌ಡ್ಯೂ ಉಳಿಯುವುದು ಅನುಮಾನ. ಎರಡು ದಾರಿ ಇವೆ. ಜುಲೈನಲ್ಲಿ ಬರ್ಮನೈ ಬೀಜ ಹಾಕಿ, ಫೆಬ್ರವರಿಯೊಳಗೆ ಬೀಜ ಕೊಯ್ದು, ಬೇಸಿಗೆಯನ್ನು ಬೀಜದ ರೂಪದಲ್ಲೇ ಕಳೆಯುವುದು ಒಂದು. ಒಂದೇ ವರ್ಷ ಬದುಕುವ ಗುಣ ಇಲ್ಲಿ ಉಪಯೋಗಕ್ಕೆ ಬಂತು ನೋಡಿ. ಮನೆಯೊಳಗೆ ತಂಪಾದ ಕೋಣೆಯಲ್ಲಿ ಎಲ್‌ಇಡಿ ಕೆಳಗೆ ಬೆಳೆಸುವುದು ಇನ್ನೊಂದು.

ಅಡೆಲೇ ಅನ್ನುವ ಜಾತಿಯ ಬಗ್ಗೆ ಒಂದು ಮಾತು. ಕ್ವೀನ್ಸ್‌ಲೆಂಡ್‌ನ ಮಳೆಕಾಡಿನದ್ದು. ನೇರ ಬಿಸಿಲು ಬರದ ಅಪಾರ್ಟ್‌ಮೆಂಟ್‌ನವರಿಗೆ ಇದನ್ನು ಹೇಳುವವರು ಬಹಳ. ಕಡಿಮೆ ಬೆಳಕಿನಲ್ಲಿ ಬದುಕುವುದು ನಿಜ, ಆದರೆ ಗಾಳಿಯಲ್ಲಿ ತೇವ ಬೇಕು. ಕೊರಿಯರ್‌ನಲ್ಲಿ ಬಂದ ಮೇಲೆ ಹನಿಯೆಲ್ಲ ಕಳೆದುಕೊಂಡು ವಾರಗಟ್ಟಲೆ ಮುನಿಸಿಕೊಂಡಿರುತ್ತದೆ. ಎರಡನೇ, ಮೂರನೇ ಗಿಡವಾಗಿ ಸರಿ, ಮೊದಲನೆಯದಾಗಿ ಬೇಡ.

ಇಂಗ್ಲೆಂಡ್, ಜರ್ಮನಿ, ಉತ್ತರ ಅಮೆರಿಕದಲ್ಲಿರುವ ಕನ್ನಡಿಗರಿಗೆ ಅಲ್ಲಿಯದೇ ರೊಟಂಡಿಫೋಲಿಯಾ ಇದೆ. ಡಾರ್ವಿನ್ ಮುಖ್ಯವಾಗಿ ನೋಡಿದ್ದು ಅದನ್ನೇ. ಹಿಮಗಾಲದಲ್ಲಿ ಮೊಗ್ಗಿನಂತೆ ಮುದುಡಿ ಹೊರಗೇ ಮಲಗುತ್ತದೆ. ಊರಿಗೆ ಬರುವಾಗ ಅದನ್ನು ಅಪ್ಪ–ಅಮ್ಮನಿಗೆ ತರುವ ಯೋಚನೆ ಬಿಡಿ. ಅದಕ್ಕೆ ಬೇಕಾದ ಚಳಿ ಇಲ್ಲಿಲ್ಲ.

ಕುಂಡದಲ್ಲಿ ಏನು ತುಂಬಬೇಕು?

ಮಣ್ಣು, ಸಗಣಿಗೊಬ್ಬರ, ಎರೆಗೊಬ್ಬರ ಯಾವುದೂ ಬೇಡ. ಪೀಟ್ ಮಾಸ್ (ಜೌಗಿನಲ್ಲಿ ಅರೆಕೊಳೆತ ಪಾಚಿ) ಮತ್ತು ಪರ್ಲೈಟ್ (ಕಾಯಿಸಿ ಉಬ್ಬಿಸಿದ ಹಗುರ ಬಿಳಿ ಕಲ್ಲಿನ ಹರಳು) ಸಮಸಮ, ಇದು ಎಲ್ಲ ಜಾತಿಗೂ ನಡೆಯುವ ಮಿಶ್ರಣ. ಪೀಟ್ ಕೊಳ್ಳುವಾಗ ಗೊಬ್ಬರ ಬೆರೆಸಿಲ್ಲ ಅನ್ನುವುದನ್ನು ಚೀಲದ ಮೇಲೆ ಓದಿ. ಆರ್ಕಿಡ್‌ನವರು ಬಳಸುವ ಒಣ ಸ್ಫ್ಯಾಗ್ನಮ್ ಪಾಚಿ ಇನ್ನೂ ಸಲೀಸು, ಆದರೆ ದುಬಾರಿ. ಬೀಜಕ್ಕೆ ಅಷ್ಟು ಹೊಂದುವುದಿಲ್ಲ, ಮರಿಗಳು ಎಳೆಗಳ ನಡುವೆ ಕಳೆದುಹೋಗುತ್ತವೆ.

ಕೋಕೋಪೀಟ್ ಆಗುತ್ತದಾ ಅಂತ ಎಲ್ಲರೂ ಕೇಳುತ್ತಾರೆ. ಅಗ್ಗ, ಎಲ್ಲ ಕಡೆ ಸಿಗುತ್ತದೆ, ನಮ್ಮ ತೆಂಗಿನದೇ. ಆದರೆ ಅದರಲ್ಲಿ ಉಪ್ಪಿದೆ. ಇಟ್ಟಿಗೆಯಂತೆ ಒತ್ತಿ ಮಾರುವ ಕೋಕೋಪೀಟನ್ನು ನೆನೆಸಿ ಹಿಂಡಿ ಆ ಕಡುಕಂದು ನೀರಿಗೆ ಮೀಟರ್ ಅದ್ದಿ ನೋಡಿ, ಅಂಕಿ ಹಲವು ನೂರಕ್ಕೆ ಹಾರಿದರೆ ಆಶ್ಚರ್ಯಪಡಬೇಡಿ. ಮತ್ತೆ ಮತ್ತೆ ನೆನೆಸಿ ಹಿಂಡಿ 50ರೊಳಗೆ ತಂದರೂ ಎಳೆಗಳಿಗೆ ಅಂಟಿದ ಉಪ್ಪು ನಿಧಾನವಾಗಿ ಬಿಡುತ್ತಲೇ ಇರುತ್ತದೆ. ಪೀಟ್ ಸಿಗುವ ತನಕ ಕೆಪೆನ್ಸಿಸ್‌ಗೆ ಹೊಂದಿಸಿಕೊಳ್ಳಬಹುದು, ಕಾಯಂ ಬೇಡ ಅನ್ನುವುದು ನನ್ನ ಅಭಿಪ್ರಾಯ. ತೊಳೆಯಲು ಸುರಿಯುವ ಒಳ್ಳೆ ನೀರಿನ ಲೆಕ್ಕ ಹಾಕಿದರೆ ಅಗ್ಗವೂ ಅಲ್ಲ.

ಪರ್ಲೈಟ್ ಬದಲು ಮರಳು ಹಾಕುವವರು ಅದರ ಮೇಲೆ ಸ್ವಲ್ಪ ವಿನಿಗರ್ ಸುರಿಯಿರಿ. ಗುಳ್ಳೆ ಎದ್ದರೆ ಸುಣ್ಣ ಇದೆ ಅಂತ ಅರ್ಥ, ಬೇಡ. ಕುಂಡ ಪ್ಲಾಸ್ಟಿಕ್‌ದೇ ಇರಲಿ. ಮಣ್ಣಿನ ಕುಂಡ ಚೆಂದ ನಿಜ, ಆದರೆ ಗೋಡೆಯಲ್ಲೇ ನೀರು ಆವಿಯಾಗಿ ಉಪ್ಪು ಕಟ್ಟುತ್ತದೆ.

ಬಾಲ್ಕನಿಯೋ, ಎಲ್‌ಇಡಿಯೋ?

ದಿನಕ್ಕೆ ನಾಲ್ಕೈದು ಗಂಟೆ ನೇರ ಬಿಸಿಲು, ಅದರಲ್ಲೂ ಬೆಳಗಿನ ಬಿಸಿಲು ಬೀಳುವ ಬಾಲ್ಕನಿ ಇದ್ದರೆ ಬೇರೇನೂ ಬೇಡ. ಹುಳವೂ ತಾನಾಗಿ ಬರುತ್ತದೆ. ಬೆಳಕು ಸಾಕಾ ಅಂತ ಗಿಡವೇ ಹೇಳುತ್ತದೆ. ಎಲೆ ಉದ್ದುದ್ದ ಜೋತುಬಿದ್ದು ಪೂರ್ತಿ ಹಸಿರಾಗಿ ಹನಿ ಇಲ್ಲದಿದ್ದರೆ ಸಾಲದು. ಕೂದಲು ಕೆಂಪಾಗಿ ಹನಿ ಮಿನುಗುತ್ತಿದ್ದರೆ ಸರಿಯಾಗಿದೆ. ಬೆಳಕಿಲ್ಲದ ಮನೆಯಲ್ಲಿ ಸಾಮಾನ್ಯ 20 ವಾಟ್‌ನ ಬಿಳಿ ಎಲ್‌ಇಡಿ ಬ್ಯಾಟನ್ ಸಾಕು. ಗಿಡದಿಂದ ಗೇಣುದ್ದ ಮೇಲೆ ಕಟ್ಟಿ, ದಿನಕ್ಕೆ 12–14 ಗಂಟೆ ಉರಿಸಿ. ನೇರಳೆ ಬಣ್ಣದ ಗ್ರೋ ಲೈಟ್‌ಗೆ ದುಡ್ಡು ಸುರಿಯಬೇಕಿಲ್ಲ.

ಒಳಗೆ ಬೆಳೆಸುವವರು ಊಟ ಹಾಕಬೇಕಾಗುತ್ತದೆ. ಮೀನಿಗೆ ಹಾಕುವ ಒಣ ಬ್ಲಡ್‌ವರ್ಮ್ ಅನ್ನು ಒಂದು ಹನಿ ನೀರಿನಲ್ಲಿ ನೆನೆಸಿ, ಸಾಸಿವೆಯಷ್ಟು ಎರಡು ಎಲೆಗೆ ಇಡಿ. ಎರಡು–ಮೂರು ವಾರಕ್ಕೊಮ್ಮೆ ಸಾಕು. ಮಾಂಸದ ಚೂರು, ಪನೀರ್ ಇಟ್ಟರೆ ಬೂಷ್ಟು ಹಿಡಿದು ಎಲೆ ಕೊಳೆಯುತ್ತದೆ.

ನೀರನ್ನು ತಟ್ಟೆಯಲ್ಲಿ ಹಾಕಿ, ಕುಂಡ ಅದರಲ್ಲಿ ನಿಂತಿರಲಿ. ಒಂದರಿಂದ ಎರಡು ಸೆಂಟಿಮೀಟರ್ ಸಾಕು. ಇಲ್ಲಿ ಒಂದು ವಿಪರ್ಯಾಸ ಇದೆ: ಸೊಳ್ಳೆ ತಿನ್ನುತ್ತದೆ ಅಂತ ತಂದ ಗಿಡದ ತಟ್ಟೆಯಲ್ಲೇ ಡೆಂಗಿ ಸೊಳ್ಳೆ ಮೊಟ್ಟೆ ಇಡುತ್ತದೆ. ಮೊಟ್ಟೆಯಿಂದ ಸೊಳ್ಳೆಯಾಗಲು ಸುಮಾರು ಒಂದು ವಾರ ಸಾಕು. ಹಾಗಾಗಿ ನಾಲ್ಕೈದು ದಿನಕ್ಕೊಮ್ಮೆ ತಟ್ಟೆಯ ನೀರು ಚೆಲ್ಲಿ, ಉಜ್ಜಿ, ಹೊಸದು ಹಾಕಿ. ಸೊಳ್ಳೆ ಕಾಟ ತಪ್ಪಿಸುತ್ತದೆ ಅಂತ ಯಾರಾದರೂ ಮಾರಿದರೆ ನಂಬಬೇಡಿ. ನಾಲ್ಕು ಎಲೆಗೆ ಅಂಟುವ ಸೊಳ್ಳೆ ಎಷ್ಟು?

ಬೀಜವೋ, ಗಿಡವೋ?

ತಾಳ್ಮೆ ಇದ್ದರೆ ಬೀಜ ಅಗ್ಗ. ಒದ್ದೆ ಪೀಟ್ ಮೇಲೆ ಉದುರಿಸಿ, ಮುಚ್ಚಬೇಡಿ, ಮೊಳೆಯಲು ಬೆಳಕು ಬೇಕು. ಜಿಪ್ ಚೀಲದಲ್ಲಿಟ್ಟು ಬೆಳಕಿನಲ್ಲಿಟ್ಟರೆ ಎರಡರಿಂದ ಆರು ವಾರದಲ್ಲಿ ಸೂಜಿಮೊನೆಯಷ್ಟು ಮರಿ ಏಳುತ್ತದೆ. ಬರ್ಮನೈ ಕೆಲವೇ ತಿಂಗಳಲ್ಲಿ ಹೂಬಿಡುತ್ತದೆ. ಕೆಪೆನ್ಸಿಸ್ ದೊಡ್ಡದಾಗಲು ಒಂದು ವರ್ಷ, ಕೆಲವೊಮ್ಮೆ ಇನ್ನೂ ಜಾಸ್ತಿ. ನೀಲಿ, ಬಹುವರ್ಣದ ಹುಳ ತಿನ್ನುವ ಗಿಡದ ಬೀಜ ಅಂತ ಆನ್‌ಲೈನ್‌ನಲ್ಲಿ ಮಾರುತ್ತಾರಲ್ಲ, ಅಂಥ ಬಣ್ಣದ ಗಿಡವೇ ಇಲ್ಲ. ಕಾಳಿನಂಥ ದಪ್ಪ ಬೀಜ ಬಂದರೆ ಅದು ಸನ್‌ಡ್ಯೂ ಅಲ್ಲವೇ ಅಲ್ಲ.

ಮೊದಲ ಸಲ ಸಾಕುವವರು ಗಿಡವನ್ನೇ ಕೊಳ್ಳಿ. ಒಂದು ಕೆಪೆನ್ಸಿಸ್ ಇದ್ದರೆ ಆಮೇಲೆ ಕೊಳ್ಳುವ ಪ್ರಶ್ನೆಯೇ ಇಲ್ಲ. ಆರೋಗ್ಯವಾದ ಎಲೆಯೊಂದನ್ನು ಬುಡದಿಂದ ಕಿತ್ತು ಮಳೆನೀರಿನ ಡಬ್ಬಿಯಲ್ಲಿ ತೇಲಿಬಿಟ್ಟು ಬೆಳಕಿನಲ್ಲಿಟ್ಟರೆ ಕೆಲವು ವಾರದಲ್ಲಿ ಎಲೆಯ ಮೇಲೇ ಮರಿಗಳು ಮೂಡುತ್ತವೆ.

ತರಿಸುವುದಾದರೆ ಜುಲೈನಿಂದ ಜನವರಿಯ ನಡುವೆ ತರಿಸಿ. ಏಪ್ರಿಲ್‌ನಲ್ಲಿ ಕೊರಿಯರ್ ಗೋದಾಮಿನ ಡಬ್ಬದೊಳಗೆ ಮೂರು ದಿನ ಬೆಂದು ಬಂದ ಗಿಡ ಚೇತರಿಸಿಕೊಳ್ಳುವುದು ಕಷ್ಟ. ಬಂದ ಗಿಡಕ್ಕೆ ಹನಿ ಇರುವುದಿಲ್ಲ, ಹಳೆ ಎಲೆ ಕಪ್ಪಾಗುತ್ತವೆ. ಗಾಬರಿಯಾಗಿ ತಿನ್ನಿಸಲು ಹೋಗಬೇಡಿ, ನೇರ ಬಿಸಿಲಿಗೂ ಒಮ್ಮೆಲೇ ಇಡಬೇಡಿ. ಒಂದು ವಾರ ನೆರಳಿನ ಬೆಳಕು, ಆಮೇಲೆ ಸ್ವಲ್ಪ ಸ್ವಲ್ಪ ಬಿಸಿಲು. ಹಳೆ ಎಲೆಗಳ ಮೇಲೆ ಕಣ್ಣಿಡಬೇಡಿ, ನಡುವಿನ ಸುಳಿ ನೋಡಿ. ಅಲ್ಲಿ ಹಸಿರು ಬಿಚ್ಚುತ್ತಿದ್ದರೆ ಗಿಡ ಹಿಡಿದುಕೊಂಡಿದೆ.